ಮನೆಬಿಟ್ಟು ಮರಳುವ ಷಡ್ಜ

ಸಂಜೆ ಏಳರ ಸುಮಾರಿಗೆ ಸಭಾಂಗಣದ ದೀಪಗಳು ತಗ್ಗುತ್ತವೆ. ವೇದಿಕೆಯ ಮೇಲೆ ಅರ್ಧಚಂದ್ರಾಕಾರವಾಗಿ ಕುಳಿತಿರುವ ನಲವತ್ತು ಐವತ್ತು ಮಂದಿ ವಾದಕರ ನಡುವಿನಿಂದ ಓಬೋ ಎಂಬ ಕರಿಯ ಸುಷಿರವಾದ್ಯವು ಒಂದೇ ಒಂದು ಸ್ವರವನ್ನು ನೀಳವಾಗಿ ಹಿಡಿಯುತ್ತದೆ. ಪಿಟೀಲುಗಳೂ ಚೆಲ್ಲೊಗಳೂ ಕೊಂಬುಗಳೂ ಆ ಸ್ವರವನ್ನು ಆಶ್ರಯಿಸಿ ತಂತಮ್ಮ ಶ್ರುತಿಯನ್ನು ಸರಿಪಡಿಸಿಕೊಳ್ಳುತ್ತವೆ. ಬಿರುಡೆ ತಿರುಗಿಸಿ ತಂತಿಯನ್ನು ಮೆಲ್ಲನೆ ಮಿಡಿದು ನೋಡುವ ಆ ಗುಜುಗುಜು ಅಡಗಿದ ಮೇಲೆ ನಿರ್ವಾಹಕನು ಒಳಗೆ ಬಂದು, ಸಭೆಗೆ ಬಾಗಿ ವಂದಿಸಿ, ವೃಂದದ ಕಡೆಗೆ ತಿರುಗಿ ನಿಲ್ಲುತ್ತಾನೆ. ಕಾರ್ಯಕ್ರಮಪತ್ರಿಕೆಯಲ್ಲಿ ಹೈಡನ್ನನ ಒಂದು ಸಿಂಫನಿ, ಮೊಜಾರ್ಟನ ಒಂದು ಪಿಯಾನೊ ಕಾನ್ಚೆರ್ಟೊ, ವಿರಾಮದ ತರುವಾಯ ಬೀಥೋವನ್ನನ ಇನ್ನೊಂದು ಸಿಂಫನಿ. ಬರ್ಲಿನ್ನಿನಲ್ಲಾಗಲಿ, ಲಂಡನ್ನಿನಲ್ಲಾಗಲಿ, ನಮ್ಮ ಮುಂಬಯಿಯಲ್ಲಾಗಲಿ ಇಂಥ ಸಂಜೆಯ ಕ್ರಮವು ಬಹುಮಟ್ಟಿಗೆ ಇದೇ.

ಕಚೇರಿಗಳನ್ನು ಕೇಳಿ ಬೆಳೆದ ಕಿವಿಗೆ ಇಲ್ಲಿ ಮೊದಲನೆಯ ಅಚ್ಚರಿಯೊಂದು ಕಾದಿರುತ್ತದೆ. ಶ್ರುತಿಗೂಡಿಸಿದ ಸ್ವರವು ಸಂಗೀತ ಆರಂಭವಾಗುವ ವೇಳೆಗೆ ನಿಂತುಹೋಗಿರುತ್ತದೆ, ಹಿನ್ನೆಲೆಯಲ್ಲಿ ತಂಬೂರಿಯಿಲ್ಲ. ನಮ್ಮ ಗಾಯಕನು ಎಷ್ಟೇ ದೂರ ಸಂಚರಿಸಿದರೂ ಆಧಾರಷಡ್ಜವು ಅವನ ಬೆನ್ನ ಹಿಂದೆ ಅಚಲವಾಗಿ ನಿಂತಿರುತ್ತದೆಯಷ್ಟೆ. ಈ ಸಂಗೀತದಲ್ಲಿ ಅದನ್ನು ಕೇಳುಗನು ತನ್ನ ನೆನಪಿನಲ್ಲಿ ತಾನೇ ಹಿಡಿದುಕೊಂಡಿರಬೇಕು. ಏಕೆಂದರೆ ಇಲ್ಲಿ ಷಡ್ಜವೇ ಸ್ಥಾನವನ್ನು ಬಿಟ್ಟು ಹೊರಡುತ್ತದೆ, ಪರಸ್ಥಳಗಳಲ್ಲಿ ಅಲೆಯುತ್ತದೆ, ಕಡೆಗೆ ಮನೆಗೆ ಮರಳುತ್ತದೆ. ಇಷ್ಟನ್ನು ಅರಿತವನಿಗೆ 18ನೆಯ ಶತಮಾನದ ಉತ್ತರಾರ್ಧದಲ್ಲಿ ಮುಖ್ಯವಾಗಿ ವಿಯೆನ್ನಾ ನಗರವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಈ ಕಲೆಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆದಂತೆಯೇ ಸರಿ.

ಅರಮನೆಯ ಮಗ್ಗುಲಲ್ಲಿ ಒಂದು ಭಾನುವಾರ

ಇಂಥ ಸಂಜೆಗಳ ಮೂಲಸ್ವರೂಪ ಹೇಗಿದ್ದಿತೆಂಬುದನ್ನು ತಿಳಿಯಲು 1783ನೆಯ ಇಸವಿಯ ಮಾರ್ಚ್ 23, ಭಾನುವಾರಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ವಿಯೆನ್ನಾದಲ್ಲಿ ಚಕ್ರವರ್ತಿಯ ಅರಮನೆಗೆ ತಗುಲಿಕೊಂಡಂತೆ ಬುರ್ಗ್‌ಥಿಯೇಟರ್ ಎಂಬ ನಾಟಕಶಾಲೆಯಿದ್ದಿತು; ಹಿಂದೊಮ್ಮೆ ಅದು ರಾಜಪರಿವಾರದವರು ಚೆಂಡಾಟವಾಡುತ್ತಿದ್ದ ಕಟ್ಟಡ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸಕಾಲದಲ್ಲಿ ನಾಟಕಗಳಿಗೆ ನಿರ್ಬಂಧಗಳಿರುತ್ತಿದ್ದುದರಿಂದ, ಬಿಡುವಾದ ರಂಗಮಂದಿರವನ್ನು ಸಂಗೀತಗಾರರು ಪಡೆದು ತಮ್ಮ ಹೊಣೆಯಲ್ಲಿಯೇ ಕಾರ್ಯಕ್ರಮವನ್ನು ನಡೆಸಿ ನಾಲ್ಕು ಕಾಸು ಸಂಪಾದಿಸಿಕೊಳ್ಳುವ ಪದ್ಧತಿ ರೂಢಿಯಲ್ಲಿದ್ದಿತು. ಆ ಸಂಜೆಯ ಯಜಮಾನನು ಸಾಲ್ಜ್‌ಬರ್ಗಿನ ಆಸ್ಥಾನದ ಊಳಿಗವನ್ನು ಬಿಟ್ಟು ಬಂದಿದ್ದ, ಏಳು ತಿಂಗಳ ಹಿಂದೆಯಷ್ಟೇ ಮದುವೆಯಾಗಿದ್ದ, 27 ವರ್ಷದ ಮೊಜಾರ್ಟ್.

ಆರು ದಿನಗಳಾದ ಮೇಲೆ ಅವನು ತಂದೆಗೆ ಬರೆದ ಕಾಗದದಲ್ಲಿ ಅಂದು ನುಡಿಸಿದ್ದನ್ನೆಲ್ಲ ಕ್ರಮವಾಗಿ ಪಟ್ಟಿಮಾಡಿದ್ದಾನೆ. ಮೊದಲಿಗೆ ಹಾಫ್ನರ್ ಸಿಂಫನಿ. ಅನಂತರ ಅವನ ನಾದಿನಿ ಅಲೋಯ್ಸಿಯಾ ಲಾಂಗೆಯ ಹಾಡು. ಹೊಸದೊಂದು ಪಿಯಾನೊ ಕಾನ್ಚೆರ್ಟೊ. ಆಡಂಬೆರ್ಗರ್ ಎಂಬ ಗಾಯಕನ ಹಾಡು. ತಾನು ಹದಿನೇಳರ ಪ್ರಾಯದಲ್ಲಿ ರಚಿಸಿ, ಈಚೆಗೆ ಬೇರೊಂದು ಅಂತ್ಯಭಾಗವನ್ನು ಕೂಡಿಸಿದ್ದ ಇನ್ನೊಂದು ಕಾನ್ಚೆರ್ಟೊ. ನಡುನಡುವೆ ಮತ್ತೂ ಹಾಡುಗಳು. ಚಕ್ರವರ್ತಿ ಎರಡನೆಯ ಜೋಸೆಫನು ಸಭೆಯಲ್ಲಿದ್ದನೆಂಬ ಕಾರಣಕ್ಕೆ ಏಕಾಕಿಯಾಗಿ ನುಡಿಸಿದ, ಒಂದೇ ಧಾಟಿಯನ್ನು ಹಲವು ದನಿಗಳು ಬೆನ್ನಟ್ಟುವ ಚಿಕ್ಕದೊಂದು ಫ್ಯೂಗ್. ಜನಪ್ರಿಯ ಧಾಟಿಯೊಂದರ ಮೇಲೆ ವಿಸ್ತಾರ. ಜನ ಬಿಡದೆ ಮತ್ತೆ ಕರೆದುದರಿಂದ ಗ್ಲುಕ್ಕನ ಧಾಟಿಯ ಮೇಲೆ ಮತ್ತೊಂದು ವಿಸ್ತಾರ. ಎಲ್ಲದರ ಕೊನೆಗೆ, ಸಂಜೆಯನ್ನು ಆರಂಭಿಸಿದ ಅದೇ ಸಿಂಫನಿಯ ಅಂತಿಮ ಭಾಗ. ಸಿಂಫನಿಯು ಆ ಕಾಲದಲ್ಲಿ ಸಭೆಯ ತೆರೆ ಎತ್ತುವ, ತೆರೆ ಇಳಿಸುವ ಸಾಧನವಾಗಿದ್ದಿತೇ ಹೊರತು ಇಂದಿನಂತೆ ಕಾರ್ಯಕ್ರಮದ ಶಿಖರವಾಗಿರಲಿಲ್ಲ. ರಂಗಮಂದಿರ ತುಂಬಿಹೋಗಿದ್ದಿತು. ಚಕ್ರವರ್ತಿಯು 25 ಡ್ಯುಕಾಟ್ ಚಿನ್ನದ ನಾಣ್ಯಗಳನ್ನು ಕಳುಹಿಸಿದನು. ಒಟ್ಟು ಆದಾಯವು 1600 ಗುಲ್ಡೆನ್ ಆಗಿರಬಹುದೆಂದು ಅಂದಿನ ಸಂಗೀತಪತ್ರಿಕೆಯೊಂದು ಅಂದಾಜುಮಾಡಿತು.

ಹಾಫ್ನರ್ ಸಿಂಫನಿಯ ಹುಟ್ಟು ಸ್ವಾರಸ್ಯವಾದದ್ದು. ಸಾಲ್ಜ್‌ಬರ್ಗಿನ ಧನಿಕ ಹಾಫ್ನರ್ ಕುಟುಂಬದ ಜಿಗ್ಮುಂಡನಿಗೆ 1782ರಲ್ಲಿ ಕುಲೀನ ಪದವಿ ದೊರೆತಾಗ, ಆ ಉತ್ಸವಕ್ಕೆ ಸಂಗೀತ ಬೇಕೆಂದು ತಂದೆ ಲಿಯೋಪೋಲ್ಡನು ಅವಸರಪಡಿಸಿದ್ದನು. ಬಿಡುವೇ ಇಲ್ಲದ ಮಗನು ಬರೆದಷ್ಟು ಭಾಗಗಳನ್ನು ಅಂಚೆಯಲ್ಲಿ ತುಂಡುತುಂಡಾಗಿ ಕಳುಹಿಸಿದನು. ಚಳಿಗಾಲದಲ್ಲಿ ಅದನ್ನು ಹಿಂದಕ್ಕೆ ತರಿಸಿಕೊಂಡು ನೋಡಿದಾಗ, ಅದರ ಒಂದು ಸ್ವರವೂ ತನ್ನ ನೆನಪಿನಲ್ಲಿ ಉಳಿದಿಲ್ಲವೆಂದೂ, ಕೃತಿಯು ಪರಿಣಾಮಕಾರಿಯಾಗಿರಲೇಬೇಕೆಂದೂ ಅವನೇ ಬೆರಗಾಗಿ ಬರೆದನು. ಉತ್ಸವದ ನಡೆಗೀತವನ್ನು ತೆಗೆದುಹಾಕಿ, ಮೊದಲ ಮತ್ತು ಕೊನೆಯ ಭಾಗಗಳಿಗೆ ಕೊಳಲನ್ನೂ ಕ್ಲಾರಿನೆಟ್ಟನ್ನೂ ಕೂಡಿಸಿ ಅವನು ಸಭೆಯ ಮುಂದಿಟ್ಟ ರೂಪವೇ ನಾವು ಇಂದು ಕೇಳುತ್ತಿರುವುದು.

ಪ್ರತಿಮಧ್ಯಮವೆಂಬ ಸುಳಿವು

ಆ ಸಿಂಫನಿಯ ಮೊದಲ ಭಾಗವು ಹೇಗೆ ತೊಡಗುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಡೀ ವೃಂದವು ಏಕಕಂಠವಾಗಿ ಷಡ್ಜದ ಮೇಲೆ ನಿಂತು, ಮರುಗಳಿಗೆಯಲ್ಲಿ ಎರಡು ಸ್ಥಾಯಿಗಳಷ್ಟು ಎತ್ತರಕ್ಕೆ ನೆಗೆಯುತ್ತದೆ. ಇಷ್ಟು ನಿಚ್ಚಳವಾಗಿ ‘ಇದೇ ನಮ್ಮ ಮನೆ’ ಎಂದು ಸಾರುವ ಆರಂಭವು ವಿರಳ. ಸ್ವರಶ್ರೇಣಿಯು ನಮ್ಮ ಶಂಕರಾಭರಣದ್ದೇ. ಒಂದೆರಡು ನಿಮಿಷಗಳೊಳಗಾಗಿ, ಗಮನವಿಟ್ಟು ಕೇಳುವವನಿಗೆ ಒಂದು ವ್ಯತ್ಯಾಸ ಕಿವಿಗೆ ಬೀಳುತ್ತದೆ: ಶುದ್ಧಮಧ್ಯಮವಿರಬೇಕಾದ ಸ್ಥಳದಲ್ಲಿ ಪ್ರತಿಮಧ್ಯಮವು ತಲೆಹಾಕುತ್ತದೆ.

ಈ ಒಂದು ಸ್ವರದಲ್ಲಿ ಅಡಗಿರುವ ಅರ್ಥವು ದೊಡ್ಡದು. ಪಂಚಮವನ್ನು ಹೊಸ ಷಡ್ಜವೆಂದು ಭಾವಿಸಿದರೆ, ಹಳೆಯ ಪ್ರತಿಮಧ್ಯಮವೇ ಅದಕ್ಕೆ ಕಾಕಲಿ ನಿಷಾದವಾಗಿ ಒದಗುತ್ತದೆ. ನಿಷಾದವು ಷಡ್ಜದ ಕಡೆಗೆ ಎಳೆಯುವ ಬಲವನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನಮ್ಮ ಗ್ರಹಭೇದದಲ್ಲಿ ಸ್ವರಗಳನ್ನು ಬದಲಿಸದೆ ಷಡ್ಜದ ಸ್ಥಾನವನ್ನು ಬದಲಿಸುವುದರಿಂದ ಬೇರೊಂದು ರಾಗವು ಮೂಡುತ್ತದೆ. ಇವರ ಕ್ರಮವೇ ಬೇರೆ: ಒಂದು ಸ್ವರವನ್ನು ಮಾರ್ಪಡಿಸಿ, ಅದೇ ಶಂಕರಾಭರಣವನ್ನು ಹೊಸ ನೆಲೆಯಲ್ಲಿ ಪ್ರತಿಷ್ಠಾಪಿಸುತ್ತಾರೆ. ಹೀಗೆ ಪಂಚಮದಲ್ಲಿ ಬಿಡಾರ ಹೂಡಿದ ಸಂಗೀತವು ಸಾಮಾನ್ಯವಾಗಿ ಹೊಸದೊಂದು ಧಾಟಿಯನ್ನು ಅಲ್ಲಿ ಪರಿಚಯಿಸಿ, ಆ ಬಳಿಕ ಇನ್ನೂ ದೂರದ, ಮಬ್ಬಾದ ನೆಲೆಗಳಿಗೆ ಹೊರಟುಬಿಡುತ್ತದೆ; ಕೇಳಿದ ಧಾಟಿಗಳೇ ತುಂಡಾಗಿ, ಒಂದರ ಮೇಲೊಂದು ಬಿದ್ದು, ಮಂದ್ರದಲ್ಲೊಮ್ಮೆ ತಾರದಲ್ಲೊಮ್ಮೆ ಕಾಣಿಸಿಕೊಂಡು, ಮೂಲ ನೆಲೆ ಎಲ್ಲಿತ್ತೆಂಬುದೇ ಮರೆಯುವಷ್ಟು ಕಳವಳ ಹೆಚ್ಚುತ್ತದೆ. ಆಗ ಮೊದಲಿನ ಧಾಟಿಯು ಮೊದಲಿನ ಷಡ್ಜದಲ್ಲಿಯೇ ಮತ್ತೆ ಮೊಳಗುತ್ತದೆ. ಹಿಂದೆ ಪಂಚಮದ ನೆಲೆಯಲ್ಲಿ ಕೇಳಿದ್ದ ಧಾಟಿಯೂ ಈಗ ಮನೆಯ ಷಡ್ಜಕ್ಕೇ ಬಂದು ಸೇರುತ್ತದೆ.

ಈ ಮರಳುವಿಕೆಯ ಸುಖವೇ ಸಿಂಫನಿಯ ಜೀವಾಳವೆಂದು ನಾನು ಬಲವಾಗಿ ನಂಬಿದ್ದೇನೆ. ಸ್ವರಲಿಪಿಯ ಜ್ಞಾನವಾಗಲಿ ಯೂರೋಪಿನ ಚರಿತ್ರೆಯ ಅಧ್ಯಯನವಾಗಲಿ ಇದಕ್ಕೆ ಅವಶ್ಯವಿಲ್ಲ. ಧಾಟಿಯೊಂದನ್ನು ಹತ್ತು ನಿಮಿಷ ನೆನಪಿನಲ್ಲಿಟ್ಟುಕೊಳ್ಳಬಲ್ಲ ಯಾರಿಗೂ ಅದು ದಕ್ಕುತ್ತದೆ. ಪಲ್ಲವಿಯ ಎಡುಪನ್ನು ಕಾದು ಹಿಡಿಯುವ ನಮ್ಮ ರಸಿಕನಿಗಂತೂ ಇನ್ನಷ್ಟು ಸುಲಭವಾಗಿ ದಕ್ಕಬೇಕು.

ಉಳಿದ ಭಾಗಗಳ ಮಾತನ್ನು ಬೇಗ ಮುಗಿಸಬಹುದು. ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳು: ಚುರುಕಾದ ಮೊದಲನೆಯದು, ವಿಳಂಬಗತಿಯ ಎರಡನೆಯದು, ಮೂರರ ನಡೆಯ ಮಿನ್ಯುಯೆಟ್ ಎಂಬ ನರ್ತನಭಾಗ, ವೇಗದ ಕೊನೆಯದು. ಹಾಫ್ನರ್ ಸಿಂಫನಿಯ ಮೊದಲ ಭಾಗವು ಬೆಂಕಿಯಂತಿರಬೇಕೆಂದೂ, ಕೊನೆಯದನ್ನು ಸಾಧ್ಯವಾದಷ್ಟು ವೇಗವಾಗಿ ನುಡಿಸಬೇಕೆಂದೂ ಮೊಜಾರ್ಟನು ತಂದೆಗೆ ತಿಳಿಸಿದ್ದನು.

ಶಾಯಿ ಆರದ ಕಾನ್ಚೆರ್ಟೊ

ಕಾನ್ಚೆರ್ಟೊ ಎಂಬುದು ಒಬ್ಬ ವಾದಕನಿಗೂ ಇಡೀ ವೃಂದಕ್ಕೂ ನಡೆಯುವ ಸಂವಾದ. ಭಾಗಗಳು ಮೂರು, ನರ್ತನಭಾಗವಿಲ್ಲ. ಮೊಜಾರ್ಟನು ವಿಯೆನ್ನಾದಲ್ಲಿ ನೆಲೆಸಿದ ಮೊದಲ ವರ್ಷಗಳಲ್ಲಿ ಇವುಗಳನ್ನು ಬರೆದದ್ದು ತಾನೇ ನುಡಿಸುವುದಕ್ಕಾಗಿ, ಅದರಿಂದಲೇ ಸಂಸಾರ ಸಾಗಿಸುವುದಕ್ಕಾಗಿ. 1784ರಲ್ಲಿ ತನ್ನ ಕಾರ್ಯಕ್ರಮಗಳಿಗೆ ಚಂದಾ ಕೊಟ್ಟ 174 ಮಂದಿಯ ಹೆಸರುಗಳನ್ನು ಅವನು ಹೆಮ್ಮೆಯಿಂದ ತಂದೆಗೆ ಬರೆದು ಕಳುಹಿಸಿದನು. ಮರುವರ್ಷ ಫೆಬ್ರುವರಿ 11ರಂದು, ಅಂಥದೊಂದು ಸರಣಿಯ ಮೊದಲ ಸಂಜೆ, ಮೆಹ್ಲ್‌ಗ್ರೂಬೆ ಎಂಬ ಸಭಾಗೃಹದಲ್ಲಿ ಡಿ ಮೈನರ್ ಕಾನ್ಚೆರ್ಟೊ ಮೊದಲ ಬಾರಿಗೆ ಕೇಳಿಸಿತು. ಅದರ ರಚನೆ ಮುಗಿದದ್ದು ಹಿಂದಿನ ದಿನ. ಕಾರ್ಯಕ್ರಮದ ದಿನವೇ ವಿಯೆನ್ನಾಕ್ಕೆ ಬಂದಿಳಿದ ಲಿಯೋಪೋಲ್ಡನು ಮಗಳಿಗೆ ಬರೆದ ಕಾಗದದಿಂದ ತಿಳಿಯುವಂತೆ, ಅವನು ಮನೆ ಸೇರಿದಾಗ ಲಿಪಿಕಾರನು ವಾದಕರ ಪ್ರತಿಗಳನ್ನು ಇನ್ನೂ ನಕಲು ಮಾಡುತ್ತಲೇ ಇದ್ದನು. ಆ ಮೇಲ್ವಿಚಾರಣೆಯಲ್ಲಿ ಸಿಕ್ಕಿಕೊಂಡ ಮೊಜಾರ್ಟನಿಗೆ ಅಂತಿಮ ಭಾಗವನ್ನು ಒಮ್ಮೆಯಾದರೂ ಪೂರ್ತಿ ನುಡಿಸಿ ನೋಡುವ ಅವಕಾಶವಿರಲಿಲ್ಲ.

ಇಂಥ ಅವಸರದಲ್ಲಿ ಹುಟ್ಟಿದ ಕೃತಿಯ ಗಾಂಭೀರ್ಯವು ಇಂದಿಗೂ ವಿಸ್ಮಯವನ್ನುಂಟುಮಾಡುತ್ತದೆ. ಪಿಟೀಲುಗಳು ತಾಳದ ಪೆಟ್ಟಿನ ಮೇಲೆ ಬೀಳದೆ, ಪೆಟ್ಟು ಪೆಟ್ಟುಗಳ ನಡುವಣ ಸಂದಿಯಲ್ಲಿ ತಡವರಿಸುತ್ತ ಮೆಲುದನಿಯಲ್ಲಿ ಮಿಡಿಯುತ್ತವೆ. ಕೆಳಗಡೆ ಮಂದ್ರಸ್ಥಾಯಿಯ ತಂತಿಗಳು ಆಗಾಗ ಮೇಲೇರುವ ಚಿಕ್ಕ ಎಳೆತವೊಂದನ್ನು ಗುಡುಗಿನಂತೆ ಗೊಣಗುತ್ತವೆ. ಕೀರವಾಣಿಯನ್ನು ಬಲ್ಲವರಿಗೆ ಈ ವಿಷಾದದ ಸ್ವರವಲಯವು ತೀರ ಅಪರಿಚಿತವಲ್ಲ. ವೃಂದವು ತನ್ನ ಮಾತನ್ನೆಲ್ಲ ಆಡಿ ಮುಗಿಸಿದ ಮೇಲೆ ಪಿಯಾನೊ ಪ್ರವೇಶಿಸುತ್ತದೆ. ಅದು ವೃಂದದ ಮಾತನ್ನು ಎತ್ತಿಕೊಳ್ಳದೆ, ಯಾರೂ ಇದುವರೆಗೆ ಹೇಳದ, ಒಂಟಿಯಾದ, ಅಳುಕಿನ ಧಾಟಿಯೊಂದನ್ನು ತನ್ನದಾಗಿ ಹಾಡುತ್ತದೆ. ಮಾತಿಲ್ಲದ ಸಂಗೀತದಲ್ಲಿ ಒಬ್ಬ ವ್ಯಕ್ತಿಯು ಸಮೂಹದ ಎದುರಿಗೆ ಬಂದು ನಿಂತುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೆ ಘಟ್ಟವನ್ನು ನಾನರಿಯೆ.

ಮೊದಲ ಭಾಗದ ಕೊನೆಯ ಹೊತ್ತಿಗೆ ವೃಂದವು ಒಂದು ತಂಗುದಾಣಕ್ಕೆ ಬಂದು ಸುಮ್ಮನಾಗುತ್ತದೆ. ಆಗ ವಾದಕನೊಬ್ಬನೇ ತನ್ನ ಕಲ್ಪನೆಯನ್ನೂ ಕೈಚಳಕವನ್ನೂ ಮೆರೆಯುತ್ತಾನೆ. ಕೆಡೆನ್ಜಾ ಎಂದು ಹೆಸರಾದ ಈ ಘಟ್ಟವು ನಮ್ಮ ಕಚೇರಿಯ ತನಿಯಾವರ್ತನವನ್ನು ನೆನಪಿಗೆ ತರುತ್ತದೆ: ಮೃದಂಗದವನ ಕೋರ್ವೆಯನ್ನು ಕೇಳಿ ಗಾಯಕನು ಪಲ್ಲವಿಗೆ ಸಿದ್ಧನಾಗುವಂತೆ, ಪಿಯಾನೊವಾದಕನು ಎರಡು ಸ್ವರಗಳನ್ನು ಎಡೆಬಿಡದೆ ಕಂಪಿಸತೊಡಗಿದೊಡನೆ ವೃಂದವು ಬಿಲ್ಲುಗಳನ್ನು ಮೇಲೆತ್ತುತ್ತದೆ. ಆ ಕಾಲದಲ್ಲಿ ಇದು ಬಹುತೇಕ ಮನೋಧರ್ಮಸಂಗೀತವೇ ಆಗಿದ್ದಿತು. ಡಿ ಮೈನರ್ ಕಾನ್ಚೆರ್ಟೊಗೆ ಮೊಜಾರ್ಟನ ಸ್ವಂತ ಕೆಡೆನ್ಜಾ ಉಳಿದುಬಂದಿಲ್ಲ. ಇಂದು ಹೆಚ್ಚಾಗಿ ಕೇಳಿಬರುವುದು ಈ ಕೃತಿಯನ್ನು ತುಂಬ ಮೆಚ್ಚಿದ್ದ ಬೀಥೋವನ್ ಬರೆದಿಟ್ಟದ್ದು.

ಅಂದಿನ ಪಿಯಾನೊವೂ ಇಂದಿನದಲ್ಲ. ವಿಯೆನ್ನಾದ ಆಂಟನ್ ವಾಲ್ಟರ್ ತಯಾರಿಸಿ ಮೊಜಾರ್ಟನು ಬಳಸಿದ ವಾದ್ಯವು ಈಗ ಸಾಲ್ಜ್‌ಬರ್ಗಿನಲ್ಲಿದೆ. ಐದು ಸ್ಥಾಯಿಗಳ ವ್ಯಾಪ್ತಿಯ 61 ಕೀಲಿಗಳು, ಮರದ ಚೌಕಟ್ಟು, ಚರ್ಮ ಹೊದಿಸಿದ ಸಣ್ಣ ಸುತ್ತಿಗೆಗಳು, ಮೊಣಕಾಲಿನಿಂದ ಒತ್ತುವ ಸನ್ನೆ: ಇಷ್ಟೇ ಅದರ ಸಲಕರಣೆ. ಇಂದಿನ ಸಭಾಂಗಣದ ಪಿಯಾನೊಗೆ 88 ಕೀಲಿಗಳು, ಎರಕದ ಕಬ್ಬಿಣದ ಚೌಕಟ್ಟು. ಹಳೆಯ ವಾದ್ಯದ ನಾದವು ತೆಳು, ಬೇಗನೆ ಆರಿಹೋಗುತ್ತದೆ. ಆದುದರಿಂದಲೇ ಅದರ ಸ್ವರಗಳು ಮಾತಿನ ಅಕ್ಷರಗಳಷ್ಟು ಸ್ಫುಟವಾಗಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಪ್ರತ್ಯೇಕ ನಿರ್ವಾಹಕನೂ ಆಗ ಇರಲಿಲ್ಲ. ಪಿಯಾನೊದ ಮುಂದೆ ಕುಳಿತವನೋ ಮೊದಲನೆಯ ಪಿಟೀಲಿನವನೋ ಎಲ್ಲರನ್ನೂ ನಡೆಸುತ್ತಿದ್ದನು.

ಹೈಡನ್ನನ ಲಂಡನ್

ಮೂವತ್ತು ವರ್ಷ ಎಸ್ಟರ್ಹಾಜಿ ರಾಜಮನೆತನದ ಊಳಿಗದಲ್ಲಿ ಕಳೆದ ಜೋಸೆಫ್ ಹೈಡನ್ನನಿಗೆ ವಿಶಾಲವಾದ ಸಾರ್ವಜನಿಕ ಸಭೆ ದೊರೆತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. 1790ರಲ್ಲಿ ಪ್ರಭುವು ತೀರಿಕೊಂಡಾಗ, ಸಾಲೊಮನ್ ಎಂಬ ಪಿಟೀಲುವಾದಕನು ಅವನನ್ನು ಲಂಡನ್ನಿಗೆ ಕರೆತಂದನು. ಅಲ್ಲಿ ಸಂಗೀತವನ್ನು ಪೋಷಿಸುತ್ತಿದ್ದವರು ಟಿಕೆಟು ಕೊಂಡು ಬರುವ ಜನ. ಎದುರಾಳಿ ಸಂಸ್ಥೆಯವರು ಹೈಡನ್ನನ ಶಿಷ್ಯ ಪ್ಲೆಯೆಲನನ್ನೇ ತಂದು ಪೈಪೋಟಿಗೆ ನಿಲ್ಲಿಸಿದ್ದರು. ತಡವಾಗಿ ಬರುವ ಶ್ರೀಮಂತರೂ ಕೇಳಲೆಂದು ಹೈಡನ್ನನ ಹೊಸ ಸಿಂಫನಿಯನ್ನು ಕಾರ್ಯಕ್ರಮದ ಉತ್ತರಾರ್ಧದಲ್ಲಿ ನುಡಿಸಲಾಗುತ್ತಿತ್ತು.

1792ರ ಮಾರ್ಚ್ 23ರಂದು ಹ್ಯಾನೋವರ್ ಸ್ಕ್ವೇರ್ ಸಭಾಗೃಹದಲ್ಲಿ 94ನೆಯ ಸಿಂಫನಿ ಹೊರಬಿದ್ದಿತು. ಕೆಲವೇ ದಿನಗಳ ಹಿಂದೆ, ಅದೇ ತಿಂಗಳಿನಲ್ಲಿ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟ ಒಪ್ಪಂದವಾಗಿದ್ದಿತು. ಆ ಸುದ್ದಿಯು ಇನ್ನೂ ಸಮುದ್ರದ ಮೇಲಿದ್ದಿರಬೇಕು. ಸಿಂಫನಿಯ ಎರಡನೆಯ ಭಾಗವು ಶಿಶುಗೀತದಷ್ಟು ಸರಳವಾದ ಧಾಟಿಯಿಂದ ಮೆಲ್ಲನೆ ತೊಡಗುತ್ತದೆ. ಎರಡನೆಯ ಬಾರಿ ಅದು ಇನ್ನೂ ಮೆತ್ತಗಾಗಿ, ಉಸಿರು ಬಿಗಿಹಿಡಿದು ಕೇಳುತ್ತಿರುವಾಗ, ಹದಿನಾರನೆಯ ಆವರ್ತದಲ್ಲಿ ನಗಾರಿಯೊಡಗೂಡಿ ಇಡೀ ವೃಂದವು ಒಮ್ಮೆಗೇ ಅಪ್ಪಳಿಸುತ್ತದೆ. ತೂಕಡಿಸುವವರನ್ನು ಎಬ್ಬಿಸುವುದಕ್ಕಾಗಿ ಹೀಗೆ ಮಾಡಿದೆಯಾ ಎಂದು ಜೀವನಚರಿತ್ರೆಕಾರನು ಮುದುಕ ಹೈಡನ್ನನನ್ನು ಕೇಳಿದಾಗ ಅವನು ಅಲ್ಲವೆಂದನು: ಹೊಸತೊಂದರಿಂದ ಜನರನ್ನು ಬೆರಗುಗೊಳಿಸಿ, ಶಿಷ್ಯನಿಗೆ ಸೋಲದಿರುವುದು ಅವನ ಉದ್ದೇಶವಾಗಿದ್ದಿತು. ಜನ ಆ ಭಾಗವನ್ನು ಮತ್ತೊಮ್ಮೆ ನುಡಿಸುವಂತೆ ಕೂಗಿದರು. 1795ರಲ್ಲಿ ಇನ್ನೊಂದು ಸಿಂಫನಿಯ ಅಂತಿಮ ಭಾಗವನ್ನು ಮತ್ತೆ ನುಡಿಸಲಾದ ಸಂಜೆ ದೀಪಗುಚ್ಛವೊಂದು ಕಳಚಿ ಬಿದ್ದಿತು. ಹೈಡನ್ನನನ್ನು ಹತ್ತಿರದಿಂದ ನೋಡಲು ಜನ ಮುಂದಕ್ಕೆ ನುಗ್ಗಿದ್ದುದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲವೆಂದು ಹೇಳುತ್ತಾರೆ.

ಆರಂಭದಲ್ಲಿಯೇ ಸಂದೇಹ

1800ನೆಯ ಇಸವಿಯ ಏಪ್ರಿಲ್ 2ರಂದು ಅದೇ ಬುರ್ಗ್‌ಥಿಯೇಟರಿನಲ್ಲಿ, ಸಂಜೆ ಆರೂವರೆಗೆ, 29 ವರ್ಷದ ಬೀಥೋವನ್ ತನ್ನ ಹೆಸರಿನಲ್ಲಿ ಮೊದಲ ಕಾರ್ಯಕ್ರಮವನ್ನು ನಡೆಸಿದನು. ಟಿಕೆಟುಗಳು ಅವನ ಬಾಡಿಗೆಯ ಕೋಣೆಯಲ್ಲಿಯೂ ದೊರೆಯುತ್ತಿದ್ದವು. ಮೊಜಾರ್ಟನ ಒಂದು ಸಿಂಫನಿ, ಹೈಡನ್ನನ ‘ಸೃಷ್ಟಿ’ ಎಂಬ ಮಹಾಗೀತದಿಂದ ಆಯ್ದ ಹಾಡುಗಳು, ತನ್ನದೊಂದು ಪಿಯಾನೊ ಕಾನ್ಚೆರ್ಟೊ, ಕೊನೆಗೆ ತನ್ನ ಮೊದಲನೆಯ ಸಿಂಫನಿ. ಮೂವರು ಮಹನೀಯರ ಸಂಗೀತವನ್ನು ಒಂದೇ ಸಂಜೆಯಲ್ಲಿ ಕೇಳಿದ ಭಾಗ್ಯವಂತರು ಆ ಸಭಿಕರು.

ಮೊಜಾರ್ಟನ ಹಾಫ್ನರ್ ಸಿಂಫನಿಯು ಮನೆಯ ಹೆಸರನ್ನು ಕೂಗಿ ಹೇಳಿ ಹೊರಟಿದ್ದರೆ, ಈ ಸಿಂಫನಿಯು ಮನೆಯ ವಿಳಾಸವನ್ನೇ ಮರೆಮಾಚುತ್ತದೆ. ಮೊದಲ ಸ್ವರಮೇಳವು ಮಧ್ಯಮವೇ ಷಡ್ಜವೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಮುಂದಿನದು ಕಿವಿಯನ್ನು ಬೇರೊಂದು ಕಡೆಗೆ ಕರೆದೊಯ್ಯುತ್ತದೆ. ಮೂರನೆಯದು ಪಂಚಮಕ್ಕೆ ತಲುಪಿಸುತ್ತದೆ. ನಿಜವಾದ ಷಡ್ಜವು ಸಂದೇಹವಿಲ್ಲದೆ ಸ್ಥಾಪನೆಯಾಗುವುದು ನಿಧಾನಗತಿಯ ಪೀಠಿಕೆ ಮುಗಿದು ವೇಗದ ಭಾಗ ಮೊದಲಾದಾಗ. ಕೇಳುಗರ ನೆನಪು ಪಳಗಿದೆಯೆಂಬ ಭರವಸೆಯಿಲ್ಲದೆ ಯಾವ ರಚನಕಾರನೂ ಇಂಥ ಆಟಕ್ಕೆ ಕೈಹಾಕಲಾರನು. ಸುಷಿರವಾದ್ಯಗಳು ಅತಿಯಾದುವೆಂದು ಅಂದಿನ ವಿಮರ್ಶಕನು ದೂರಿದನು. ಆದರೆ ಎಂಟು ವರ್ಷಗಳ ಮೇಲೆ ಇದೇ ಬೀಥೋವನ್, ಕೊರೆಯುವ ಚಳಿಯ ಡಿಸೆಂಬರ್ ರಾತ್ರಿಯೊಂದರಲ್ಲಿ, ಐದನೆಯ ಮತ್ತು ಆರನೆಯ ಸಿಂಫನಿಗಳನ್ನೂ ನಾಲ್ಕನೆಯ ಪಿಯಾನೊ ಕಾನ್ಚೆರ್ಟೊವನ್ನೂ ಒಟ್ಟಿಗೇ ಸಭೆಯ ಮುಂದಿಟ್ಟು, ಜನರನ್ನು ಸುಮಾರು ನಾಲ್ಕು ಗಂಟೆ ಕೂರಿಸಿದನು.

ಚಪ್ಪಾಳೆ ಎಲ್ಲಿ ತಟ್ಟಬೇಕು?

ಹೊಸಬರನ್ನು ಬಾಧಿಸುವ ದೊಡ್ಡ ಭಯವೆಂದರೆ ಇದು. ಭಾಗ ಭಾಗಗಳ ನಡುವೆ ಮೌನವಾಗಿರುವುದು ಇಂದಿನ ಶಿಷ್ಟಾಚಾರ. ಆದರೆ ಅದು ಈ ಸಂಗೀತದಷ್ಟು ಹಳೆಯದಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯನ್ನು ನುಡಿಸಿದಾಗ, ಜನರಿಗೆ ಮೆಚ್ಚಿಗೆಯಾಗುವುದೆಂದು ಮೊದಲೇ ಬಗೆದು ಬರೆದಿದ್ದ ಸಂಗತಿಯೊಂದು ಬಂದೊಡನೆ, ಸಂಗೀತ ನಡೆಯುತ್ತಿರುವಾಗಲೇ ಚಪ್ಪಾಳೆ ಬಿದ್ದಿತೆಂದು ಮೊಜಾರ್ಟ್ ಸಂತೋಷದಿಂದ ಬರೆದನು. ಅಂತಿಮ ಭಾಗವನ್ನು ಅವನು ಬೇಕೆಂದೇ ಪಿಟೀಲುಗಳಿಂದ ಮಾತ್ರ ಮೆಲ್ಲನೆ ಆರಂಭಿಸಿದ್ದನು. ಸಭಿಕರು ಒಬ್ಬರನ್ನೊಬ್ಬರು ‘ಶ್’ ಎಂದು ಸುಮ್ಮನಾಗಿಸಿದರು. ವೃಂದವೆಲ್ಲ ಒಮ್ಮೆಗೇ ಕೂಡಿಕೊಂಡಾಗ ಕೈಗಳು ತಾವಾಗಿ ತಟ್ಟಿದವು. ಮಾತಿನಲ್ಲಿ ‘ಭಲೆ’ ಎಂದು, ತಲೆದೂಗಿ, ತೊಡೆಯ ಮೇಲೆ ತಾಳ ಹಾಕಿ ಕೇಳುವ ನಮ್ಮವರು ಆ ಸಭೆಯಲ್ಲಿ ಪರಕೀಯರಾಗುತ್ತಿರಲಿಲ್ಲ. ಕಟ್ಟುನಿಟ್ಟಾದ ಮೌನವು ಬೇರೂರಿದ್ದು 19ನೆಯ ಶತಮಾನ ಮುಂದುವರಿದ ಮೇಲೆ. ಮೌನದಿಂದ ಸೂಕ್ಷ್ಮಶ್ರವಣಕ್ಕೆ ಅನುಕೂಲವಾಯಿತೆಂಬುದನ್ನು ಒಪ್ಪೋಣ. ಆದರೆ ಆ ಮೌನವನ್ನು ಕಂಡು ಯಾರಾದರೂ ಬಾಗಿಲಲ್ಲೇ ಹಿಂದಿರುಗಿದರೆ ಅದು ಮೊಜಾರ್ಟನಿಗೇ ಅನ್ಯಾಯ.

ಮೈಸೂರಿನ ನಂಟು

ಈ ಕಲೆಯೊಡನೆ ಕನ್ನಡ ನಾಡಿಗೆ ಒಂದು ಗಟ್ಟಿಯಾದ ಸಂಬಂಧವೂ ಉಂಟು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದಿದ್ದರು. ಯುದ್ಧಾನಂತರ ಲಂಡನ್ನಿನಲ್ಲಿ ತಲೆಯೆತ್ತಿದ ಫಿಲ್‌ಹಾರ್ಮೋನಿಯಾ ವೃಂದಕ್ಕೆ ಧನಸಹಾಯವಿತ್ತು, 1948ರಲ್ಲಿ ಅದರ ಕಾನ್ಸರ್ಟ್ ಸಂಘದ ಮೊದಲ ಅಧ್ಯಕ್ಷರಾದರು. ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ದಿನ ದೂಡುತ್ತಿದ್ದ ರಷ್ಯದ ವೃದ್ಧ ಸಂಗೀತಗಾರ ಮೆಟ್ನರನ ಪಿಯಾನೊ ಕಾನ್ಚೆರ್ಟೊಗಳು, ಅವನ ಬೆರಳುಗಳಿಂದಲೇ, ಅದೇ ವೃಂದದ ಜೊತೆಯಲ್ಲಿ ಧ್ವನಿಮುದ್ರಿಕೆಗಳಾಗಿ ಉಳಿದದ್ದು ಮೈಸೂರಿನ ಹಣದಿಂದ. ತ್ಯಾಗರಾಜರ ಪರಂಪರೆಯೂ ಬೀಥೋವನ್ನನ ಪರಂಪರೆಯೂ ಒಂದೇ ಹೃದಯದಲ್ಲಿ ಜಾಗ ಪಡೆಯಬಲ್ಲವೆಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ, ಬೀಥೋವನ್ 1770ರಲ್ಲಿ, ಇಬ್ಬರೂ ಸಮಕಾಲೀನರು.

ಆಸಕ್ತರಾದ ವಾಚಕರು ಇಡೀ ಸಂಜೆಯ ಕಾರ್ಯಕ್ರಮವನ್ನು ಒಮ್ಮೆಗೇ ಕೇಳಬೇಕಾಗಿಲ್ಲ. ಮೊದಲು ಹೈಡನ್ನನ 94ನೆಯ ಸಿಂಫನಿಯ ಎರಡನೆಯ ಭಾಗವನ್ನು ಕೇಳಲಿ. ತರುವಾಯ ಮೊಜಾರ್ಟನ ಡಿ ಮೈನರ್ ಕಾನ್ಚೆರ್ಟೊದ ಮೊದಲ ಭಾಗವನ್ನು, ಆರಂಭದ ಷಡ್ಜವನ್ನು ಮನಸ್ಸಿನಲ್ಲಿಯೇ ಗುನುಗಿಕೊಂಡು, ಅದು ಎಲ್ಲಿ ಕೈತಪ್ಪಿತು, ಎಲ್ಲಿ ಮತ್ತೆ ಸಿಕ್ಕಿತೆಂಬುದನ್ನು ಗಮನಿಸುತ್ತ ಎರಡು ಬಾರಿ ಕೇಳಲಿ. ಎಲ್ಲ ಸೇರಿದರೂ ಮುಕ್ಕಾಲು ಗಂಟೆ ಹಿಡಿಯುವುದಿಲ್ಲ.